ಮರ ಮತ್ತು ಲೋಹ ಬಗ್ಗಿಸುವ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಕುರ್ಚಿಯ ಬೆನ್ನು, ಮೇಜಿನ ಅಂಚು, ಸ್ಟೂಲಿನ ಕಾಲು ಬಗ್ಗಿಸುವ ಕೆಲಸ ಕಂಡವರು ಎದುರು ನಿಂತು ಕೇಳಿದ, ಕಾಗದ ಬರೆದು ಕೇಳಿದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬಂದವನ್ನು ಇಲ್ಲಿ ಕೂಡಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಹೊಸಬರು ಮೇಲಿನಿಂದ ಓದುವುದು ಒಳ್ಳೆಯದು. ಕೈ ಪಳಗಿದವರು ನೇರವಾಗಿ ಕೆಳಗಿನ ಭಾಗಗಳಿಗೆ ಹೋಗಬಹುದು.

## ಮೊದಲು ತಿಳಿಯಬೇಕಾದದ್ದು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರಲ್ಲ. ಬಲಿತ ಮರ ನಿಜಕ್ಕೂ ಬಗ್ಗುತ್ತದೆಯೇ?

ಬಗ್ಗಿಸುವ ಮೊದಲು ಮರವನ್ನು ಹಬೆಯಲ್ಲಿ ಬೇಯಿಸುವ ಹಬೆಪೆಟ್ಟಿಗೆಯ ಮುಂದೆ ನಿಂತು ಈ ಗಾದೆ ಹೇಳದೆ ಹೋದವರು ಕಡಿಮೆ. ಬಗ್ಗುತ್ತದೆ. ಮರವೆಂದರೆ ಸೆಲ್ಯುಲೋಸ್ ನಾರುಗಳ ಕಟ್ಟು. ಆ ನಾರುಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟಿನಂಥ ವಸ್ತು ಲಿಗ್ನಿನ್. ತೇವವಿರುವ ಮರ 100 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಕಾದರೆ ಲಿಗ್ನಿನ್ ಮೆತ್ತಗಾಗಿ, ನಾರುಗಳು ಸ್ವಲ್ಪ ಸರಿಯಲು, ಮುದುಡಲು ಎಡೆ ಸಿಗುತ್ತದೆ. ಆರಿ ಒಣಗಿದ ಮೇಲೆ ಅದೇ ಲಿಗ್ನಿನ್ ಹೊಸ ಆಕಾರದಲ್ಲಿ ಗಟ್ಟಿಯಾಗುತ್ತದೆ.

ಅಗಲ ಹಲಗೆಯಿಂದ ಬಾಗಿದ ಆಕಾರವನ್ನೇ ಕತ್ತರಿಸಿಕೊಂಡರೆ ಆಯಿತಲ್ಲ, ಇಷ್ಟೆಲ್ಲ ಪಾಡು ಏಕೆ?

ಸಣ್ಣ ಬಾಗಾದರೆ ಕತ್ತರಿಸಿ, ತಪ್ಪಿಲ್ಲ. ಬಾಗು ಹೆಚ್ಚಿದಂತೆ ತುಂಡಿನ ಎಲ್ಲೋ ಒಂದು ಕಡೆ ನಾರು ಉದ್ದಕ್ಕೆ ಓಡದೆ ಅಡ್ಡಕ್ಕೆ ಬಂದು ಮುಗಿಯುತ್ತದೆ. ಕುರ್ಚಿಗೆ ಯಾರಾದರೂ ಒರಗಿದ ದಿನ ಅದು ಅಲ್ಲಿಯೇ ಸಿಗಿಯುತ್ತದೆ. ಬಗ್ಗಿಸಿದ ತುಂಡಿನಲ್ಲಿ ನಾರು ಈ ತುದಿಯಿಂದ ಆ ತುದಿಯವರೆಗೆ ಬಾಗಿನ ಜೊತೆಗೇ ಸಾಗುತ್ತದೆ, ಹಾಗಾಗಿ ತುಂಡು ತೆಳ್ಳಗಿದ್ದರೂ ಭಾರ ತಾಳುತ್ತದೆ. ಮರದ ಪೋಲೂ ಕಡಿಮೆ.

ಮರಕ್ಕೂ ಕಬ್ಬಿಣಕ್ಕೂ ಬಗ್ಗಿಸುವ ವಿದ್ಯೆ ಒಂದೇಯೋ, ಬೇರೆಯೋ?

ಲೆಕ್ಕ ಒಂದೇ, ಸ್ವಭಾವ ತಿರುವುಮುರುವು. ಇದೊಂದು ಮನಸ್ಸಿಗೆ ಹತ್ತಿದರೆ ಕೆಳಗಿನ ಉತ್ತರಗಳಲ್ಲಿ ಅರ್ಧವನ್ನು ನೀವೇ ಊಹಿಸಬಲ್ಲಿರಿ.

25 ಮಿಲಿಮೀಟರ್ ದಪ್ಪದ ಕೋಲೊಂದನ್ನು 75 ಮಿಲಿಮೀಟರ್ ತ್ರಿಜ್ಯದ ಅಚ್ಚಿನ ಸುತ್ತ ಕಾಲು ಸುತ್ತು ಬಗ್ಗಿಸುತ್ತೀರಿ ಎಂದುಕೊಳ್ಳಿ. ಅಚ್ಚಿಗೆ ತಾಗಿದ ಒಳಮೈಯ ಉದ್ದ 118 ಮಿಲಿಮೀಟರ್, ಹೊರಮೈಯದು 157. ಮೊದಲು ಸಮವಾಗಿದ್ದ ಎರಡು ಮೈಗಳ ನಡುವೆ ಈಗ 39 ಮಿಲಿಮೀಟರ್ ವ್ಯತ್ಯಾಸ. ಹೊರಗಿನದು ಹಿಗ್ಗಬೇಕು ಅಥವಾ ಒಳಗಿನದು ಕುಗ್ಗಬೇಕು, ಮೂರನೆಯ ದಾರಿಯಿಲ್ಲ.

ಹಬೆಯಲ್ಲಿ ಬೆಂದ ಒಳ್ಳೆಯ ಮರ ಉದ್ದಕ್ಕೆ ಶೇಕಡಾ 25ರಿಂದ 30ರಷ್ಟು ಮುದುಡಬಲ್ಲದು. ಹಿಗ್ಗು ಎಂದರೆ ಮಾತ್ರ ಶೇಕಡಾ ಒಂದೆರಡಕ್ಕೇ ಕೈಚೆಲ್ಲುತ್ತದೆ. ಉಕ್ಕಿನ ಟ್ಯೂಬ್ ಇದಕ್ಕೆ ವಿರುದ್ಧ. ಅದರ ಹೊರಗೋಡೆ ಸಾಕಷ್ಟು ಹಿಗ್ಗುತ್ತದೆ, ಒಳಗೋಡೆ ಕುಗ್ಗಲು ಒಪ್ಪದೆ ಸುಕ್ಕುಗಟ್ಟುತ್ತದೆ. ಹಾಗಾಗಿ ಮರ ಹೊರಗೆ ಮುರಿಯುತ್ತದೆ, ಕೊಳವೆ ಒಳಗೆ ಕುಸಿಯುತ್ತದೆ. ಮರಕ್ಕೆ ಆಸರೆ ಹೊರಬದಿಯಲ್ಲಿ ಬೇಕು, ಕೊಳವೆಗೆ ಹೊಟ್ಟೆಯೊಳಗೆ.

ನೀರಿನಲ್ಲಿ ನಾಲ್ಕು ದಿನ ನೆನೆಸಿಟ್ಟರೆ ಬಗ್ಗುವುದಿಲ್ಲವೇ?

ಒಂದೆರಡು ಮಿಲಿಮೀಟರಿನ ಪಟ್ಟಿಯಾದರೆ ಬಗ್ಗೀತು. ದಪ್ಪ ತುಂಡಿಗೆ ಸಾಲದು. ಮೆತ್ತಗಾಗಿಸುವುದು ಕಾವು. ಆ ಕಾವು ಕಡಿಮೆ ಮಟ್ಟದಲ್ಲಿಯೇ ಕೆಲಸ ಮಾಡುವಂತೆ ನೋಡಿಕೊಳ್ಳುವುದು ತೇವ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಕೆಲಸ ಅರೆಬರೆ. ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಹಬೆಯಷ್ಟೇ ಚೆನ್ನಾಗಿ ಮೆತ್ತಗಾಗುತ್ತದೆ, ಆದರೆ ಮರದ ಬಣ್ಣ ಸ್ವಲ್ಪ ನೀರಿಗೆ ಹೋಗುತ್ತದೆ, ಒಣಗಲು ಹೆಚ್ಚು ದಿನ ಹಿಡಿಯುತ್ತದೆ.

## ಹಬೆಯ ಕೆಲಸ

ಯಾವ ಮರ ಚೆನ್ನಾಗಿ ಬಗ್ಗುತ್ತದೆ? ತೇಗ ಆಗುತ್ತದೆಯೇ?

ಬೀಚ್, ಆಶ್, ಓಕ್, ಎಲ್ಮ್, ಹಿಕರಿ ಮೊದಲ ಸಾಲಿನವು. ತೇಗ ನಡುವಿನ ತರಗತಿ. ದೊಡ್ಡ ಬಾಗಿಗೆ ಮಣಿಯುತ್ತದೆ, ಬಿಗಿ ಬಾಗಿಗೆ ನಂಬಬೇಡಿ. ಪೈನ್‌ನಂಥ ಮೆದು ಮರಗಳು ಹೆಸರಿಗೆ ಮೆದು, ಬಗ್ಗುವುದರಲ್ಲಿ ಹಟಮಾರಿಗಳು. ಬಹುತೇಕ ಉಷ್ಣವಲಯದ ಗಡಸು ಮರಗಳೂ ಇದಕ್ಕೆ ಒಗ್ಗುವುದಿಲ್ಲ.

ನನ್ನ ಕೇಳಿದರೆ ಜಾತಿಗಿಂತ ತುಂಡನ್ನು ನೋಡಿ. ನಾರು ಒಂದು ತುದಿಯಲ್ಲಿ ಹೊಕ್ಕು ಇನ್ನೊಂದು ತುದಿಯಲ್ಲೇ ಹೊರಬರಬೇಕು, ನಡುವೆ ಪಕ್ಕಕ್ಕೆ ಜಾರಿ ಹೋಗಬಾರದು. ಕಡಲೆಕಾಳಿನಷ್ಟು ಗಂಟು ಕೂಡ ಬೇಡ. ಗರಗಸದಿಂದ ಕೊಯ್ದ ಹಲಗೆಗಿಂತ ಬೆಣೆ ಹೊಡೆದು ಸೀಳಿದ ತುಂಡು ವಾಸಿ, ಏಕೆಂದರೆ ಸೀಳು ನಾರಿನ ಜಾಡನ್ನೇ ಹಿಡಿದು ಹೋಗುತ್ತದೆ.

ತೇವದ ಮಾತೂ ಇಲ್ಲೇ ಇರಲಿ. ಗಾಳಿಯಲ್ಲಿ ಆರಿ ಶೇಕಡಾ 20ರಿಂದ 25ರಷ್ಟು ತೇವ ಉಳಿದಿರುವ ಮರ ಉತ್ತಮ. ಒಲೆಗೂಡಿನಲ್ಲಿ ಶೇಕಡಾ 8ಕ್ಕೆ ಇಳಿಸಿದ ಮರ ಎಷ್ಟು ಹಬೆ ಕುಡಿದರೂ ಮೊದಲಿನಂತೆ ಆಗುವುದಿಲ್ಲ. ಬೇರೆ ಗತಿಯಿಲ್ಲದಿದ್ದರೆ ಒಂದು ವಾರ ನೆನೆಸಿ, ಬಾಗನ್ನು ಸಡಿಲವಾಗಿಟ್ಟುಕೊಂಡು ಪ್ರಯತ್ನಿಸಿ.

ಎಷ್ಟು ಹೊತ್ತು ಹಬೆ ಕೊಡಬೇಕು?

25 ಮಿಲಿಮೀಟರ್ ದಪ್ಪಕ್ಕೆ ಒಂದು ಗಂಟೆ ಎಂಬುದು ಎಲ್ಲ ಕಡೆ ಹೇಳುವ ಅಂದಾಜು. ಪೆಟ್ಟಿಗೆ ಪೂರ್ತಿ ಕಾದು, ತೂತುಗಳಿಂದ ಹಬೆ ರಭಸವಾಗಿ ಹೊರಬರಲು ಶುರುವಾದ ಮೇಲೆ ಗಡಿಯಾರ ನೋಡಿ, ಒಲೆ ಹಚ್ಚಿದ ಹೊತ್ತಿನಿಂದಲ್ಲ. ಕಡಿಮೆ ಬೆಂದರೆ ಮುರಿಯುತ್ತದೆ ಎಂಬ ಭಯಕ್ಕೆ ಮೂರು ನಾಲ್ಕು ಗಂಟೆ ಇಡುವವರಿದ್ದಾರೆ. ಅತಿಯಾದರೆ ನಾರಿನ ಕಸುವೇ ಹೋಗಿ, ಒಳಮೈ ಸುಕ್ಕುಗಟ್ಟುತ್ತದೆ. ಒಂದೇ ಮರದ ನಾಲ್ಕೈದು ಪರೀಕ್ಷೆಯ ತುಂಡುಗಳನ್ನು ಜೊತೆಗೆ ಹಾಕಿ, ಹತ್ತು ಹತ್ತು ನಿಮಿಷಕ್ಕೆ ಒಂದೊಂದು ತೆಗೆದು ಬಗ್ಗಿಸಿ ನೋಡಿ. ನಿಮ್ಮ ಪೆಟ್ಟಿಗೆಯ ಹೊತ್ತು ನಿಮಗೇ ತಿಳಿಯುತ್ತದೆ.

ಪೆಟ್ಟಿಗೆಯನ್ನು ಕುಕ್ಕರಿನಂತೆ ಬಿಗಿಯಾಗಿ ಮುಚ್ಚಿದರೆ ಬೇಗ ಆಗುವುದಿಲ್ಲವೇ?

ಬೇಡ. ಮುಚ್ಚಿದ ಪೆಟ್ಟಿಗೆ ಒಂದು ದಿನ ಸಿಡಿಯುತ್ತದೆ. ಸಾಮಾನ್ಯ ಒತ್ತಡದ ಹಬೆ ಧಾರಾಳವಾಗಿ ಸಾಕು. ಹಬೆ ಹೋಗಲು ತೂತು ಇರಲಿ, ಪೆಟ್ಟಿಗೆ ಒಂದು ಕಡೆಗೆ ವಾಲಿರಲಿ, ತಣಿದ ನೀರು ತಾನಾಗಿ ಹರಿದುಹೋಗಲಿ. ಪಿವಿಸಿ ಪೈಪಿನ ಪೆಟ್ಟಿಗೆ ಕಾವಿಗೆ ಮೆತ್ತಗಾಗಿ ಜೋತುಬೀಳುತ್ತದೆ. ಹಲಗೆಯದೋ ಪ್ಲೈವುಡ್ಡಿನದೋ ಮಾಡಿಕೊಳ್ಳಿ. ಬಾಗಿಲು ತೆರೆಯುವಾಗ ಮುಖ ಪಕ್ಕಕ್ಕಿರಲಿ, ಕೈಗೆ ದಪ್ಪ ಕೈಗವಸು ಇರಲಿ. ಹಬೆಯ ಸುಟ್ಟಗಾಯ ಕುದಿನೀರಿನದಕ್ಕಿಂತ ಕೆಟ್ಟದ್ದು.

ಪ್ರತಿ ಸಲವೂ ಹೊರಬದಿಯಲ್ಲಿ ಸಿಬಿರೆದ್ದು ಮುರಿಯುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ನನ್ನ ಮೊದಲ ಹನ್ನೊಂದು ಕುರ್ಚಿಬೆನ್ನುಗಳಲ್ಲಿ ಏಳು ಸೌದೆಯಾದವು. ಏಳೂ ಮುರಿದದ್ದು ಹೊರಬದಿಯಲ್ಲೇ. ಅಚ್ಚಿನ ಸುತ್ತ ಎಳೆಯುತ್ತಿರುವಾಗ ಮೊದಲು 'ಟಿಕ್' ಎಂಬ ಸಣ್ಣ ಸದ್ದು ಬರುತ್ತದೆ. ನೋಡಿದರೆ ಹೊರಮೈಯಲ್ಲಿ ಉಗುರಿನಷ್ಟು ಅಗಲದ ಎಳೆಯೊಂದು ಎದ್ದು ನಿಂತಿರುತ್ತದೆ. ಇನ್ನೊಂದು ಅಂಗುಲ ಎಳೆದರೆ ಅದು ಗೇಣುದ್ದ ಸೀಳಿಕೊಂಡು ಹೋಗುತ್ತದೆ. ಆ ಸದ್ದು ಕೇಳಿದ ಮೇಲೆ ಮಾಡಲು ಏನೂ ಉಳಿದಿರುವುದಿಲ್ಲ. ಮಾಡಬೇಕಾದದ್ದನ್ನು ಪೆಟ್ಟಿಗೆ ತೆರೆಯುವ ಮೊದಲೇ ಮಾಡಿರಬೇಕು, ಅದೇ ಉಕ್ಕಿನ ಪಟ್ಟಿ.

ಒಂದೂವರೆ ಮಿಲಿಮೀಟರ್ ದಪ್ಪದ, ತುಂಡಿನಷ್ಟೇ ಅಗಲದ ಉಕ್ಕಿನ ಪಟ್ಟಿ ತೆಗೆದುಕೊಳ್ಳಿ. ಅದರ ಎರಡು ತುದಿಗೂ ಗಟ್ಟಿಮರದ ಅಡ್ಡಗಟ್ಟೆಗಳನ್ನು ಬೋಲ್ಟ್ ಹಾಕಿ ಬಿಗಿಯಿರಿ. ಅಡ್ಡಗಟ್ಟೆಗಳ ನಡುವಿನ ಅಂತರ ತುಂಡಿನ ಉದ್ದಕ್ಕೆ ಸರಿಯಾಗಿ ಹೊಂದಬೇಕು, ಕೂದಲೆಳೆಯಷ್ಟೂ ಸಡಿಲ ಬೇಡ. ಪಟ್ಟಿ ಹೊರಬದಿಗೆ ಬರುವಂತೆ ತುಂಡನ್ನು ಅದರೊಳಗೆ ಕೂರಿಸಿ ಬಗ್ಗಿಸಿದರೆ, ಹೊರಮೈ ಹಿಗ್ಗಲು ಪಟ್ಟಿ ಬಿಡುವುದಿಲ್ಲ. ಎರಡು ತುದಿಯಿಂದ ಒತ್ತಿ ಹಿಡಿದ ಮರಕ್ಕೆ ಒಳಬದಿಯಲ್ಲಿ ಮುದುಡುವುದೊಂದೇ ದಾರಿ, ಮುದುಡುವುದು ಅದಕ್ಕೆ ಬರುತ್ತದೆ. ಒತ್ತಡ ಅತಿಯಾಗಿ ಒಳಮೈ ನೆರಿಗೆ ಬೀಳತೊಡಗಿದರೆ ಒಂದು ತುದಿಯನ್ನು ಸ್ವಲ್ಪ ಸಡಿಲಿಸಲು ತಿರುಪು ಇಟ್ಟುಕೊಳ್ಳಿ. ಪಟ್ಟಿಯಿಲ್ಲದೆ ಬಗ್ಗಿಸುವುದಾದರೆ ತುಂಡಿನ ದಪ್ಪದ 20ರಿಂದ 30 ಪಟ್ಟು ತ್ರಿಜ್ಯಕ್ಕಿಂತ ಬಿಗಿ ಬಾಗನ್ನು ನಾನು ಮುಟ್ಟುವುದಿಲ್ಲ.

19ನೆಯ ಶತಮಾನದಲ್ಲಿ ಮಿಖಾಯೆಲ್ ಟೋನೆಟ್ ಬಗ್ಗಿಸಿದ ಬೀಚ್ ಮರದ ಕುರ್ಚಿಗಳನ್ನು ಕಾರ್ಖಾನೆಯ ಸರಕಾಗಿಸಿದ್ದು ಇದೇ ಲೋಹದ ಪಟ್ಟಿಯ ಬಲದಿಂದ. 1859ರ ಅವನ 14ನೆಯ ನಂಬರಿನ ಕುರ್ಚಿಯಲ್ಲಿ ಇದ್ದದ್ದು ಆರು ಮರದ ಭಾಗ, ಹತ್ತು ಸ್ಕ್ರೂ, ಎರಡು ನಟ್. ಬಿಚ್ಚಿಟ್ಟ 36 ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಕೂರುತ್ತಿದ್ದವು.

ಇನ್ನೊಂದು ತಪ್ಪು ತಡ. ಪೆಟ್ಟಿಗೆಯಿಂದ ಹೊರಬಂದ ತೆಳು ತುಂಡಿಗೆ ಹತ್ತಿಪ್ಪತ್ತು ಸೆಕೆಂಡಷ್ಟೇ ಆಯುಷ್ಯ. ಕ್ಲಾಂಪ್ ಎಲ್ಲಿದೆ ಎಂದು ಹುಡುಕುತ್ತಾ ನಿಂತರೆ ಮುಗಿಯಿತು. ತಣ್ಣಗಿನ ತುಂಡು ಹಿಡಿದು ಒಮ್ಮೆ ಪೂರ್ತಿ ಅಭಿನಯ ಮಾಡಿಕೊಳ್ಳಿ, ಯಾರು ಯಾವ ತುದಿ ಹಿಡಿಯುವುದು ಎಂಬುದನ್ನೂ ಸೇರಿಸಿ.

ಅಚ್ಚಿನಿಂದ ಬಿಡಿಸಿದ ಕೂಡಲೇ ಬಾಗು ಬಿಚ್ಚಿಕೊಳ್ಳುತ್ತದೆ. ಎಷ್ಟು ದಿನ ಕಾಯಬೇಕು?

ಒಂದು ರಾತ್ರಿ ಅಚ್ಚಿನಲ್ಲೇ ಇರಲಿ. ಆಮೇಲೆ ಅಚ್ಚು ಬಿಡಿಸಿ, ಎರಡು ತುದಿಗಳ ನಡುವೆ ರೀಪಿನ ತುಂಡು ಬಡಿದು, ಗಾಳಿಯಾಡುವ ನೆರಳಿನಲ್ಲಿ ಒಂದೆರಡು ವಾರ ಬಿಡಿ. ತಣಿದ ಮಾತ್ರಕ್ಕೆ ಆಕಾರ ನಿಲ್ಲುವುದಿಲ್ಲ, ಒಣಗಬೇಕು. ಆದರೂ ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ಅದಕ್ಕೆ ಅಚ್ಚನ್ನೇ ಒಂದಿಷ್ಟು ಬಿಗಿಯಾಗಿ ಕಡೆದಿರಬೇಕು. ಜೋಡಿಯಾಗಿ ಬೇಕಾದ ತುಂಡುಗಳನ್ನು ಒಂದೇ ಹಲಗೆಯಿಂದ ತೆಗೆದು, ಒಂದೇ ದಿನ, ಒಂದೇ ಅಚ್ಚಿನಲ್ಲಿ ಬಗ್ಗಿಸಿ.

ಓಕ್ ಮರದ ಮೇಲೆ ಶಾಯಿ ಚೆಲ್ಲಿದಂತೆ ಕಪ್ಪು ಕಲೆ ಬಿದ್ದಿದೆ. ಏನದು?

ಶಾಯಿಯೇ. ಒದ್ದೆ ಮರದಲ್ಲಿರುವ ಟ್ಯಾನಿನ್ ಎಂಬ ಒಗರು ವಸ್ತು ಕಬ್ಬಿಣಕ್ಕೆ ತಗುಲಿದರೆ ಹಿಂದೆ ಬರೆಯುತ್ತಿದ್ದ ಕಪ್ಪು ಶಾಯಿಯ ಬಣ್ಣವೇ ಹುಟ್ಟುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ ಬಳಸಿ, ಇಲ್ಲವೇ ನಡುವೆ ಪ್ಲಾಸ್ಟಿಕ್ ಹಾಳೆ ಇಡಿ. ಬಿದ್ದ ಕಲೆ ಆಕ್ಸಾಲಿಕ್ ಆಮ್ಲದ ದ್ರಾವಣಕ್ಕೆ ಹೋಗುತ್ತದೆ. ಅದು ವಿಷ, ಕೈಗವಸು ಹಾಕಿಕೊಂಡು ಹಚ್ಚಿ, ಆಮೇಲೆ ನೀರಿನಿಂದ ಚೆನ್ನಾಗಿ ತೊಳೆಯಿರಿ.

## ಹಬೆಯಿಲ್ಲದೆ ಮರ ಬಗ್ಗಿಸುವುದು

ಪದರ ಅಂಟಿಸಿ ಬಗ್ಗಿಸುವಾಗ ಎಷ್ಟು ಪದರ ಬೇಕು? ಯಾವ ಅಂಟು?

ತೆಳು ಪಟ್ಟಿಗಳು ಸುಲಭವಾಗಿ ಬಗ್ಗುತ್ತವೆ. ಅವುಗಳ ನಡುವೆ ಅಂಟು ಹಚ್ಚಿ ಅಚ್ಚಿಗೆ ಬಿಗಿದರೆ, ಅಂಟು ಆರಿದ ಮೇಲೆ ಒಂದರ ಮೇಲೊಂದು ಜಾರಲು ಆಗದೆ ಬಾಗು ನಿಲ್ಲುತ್ತದೆ. ಬಿಚ್ಚಿಕೊಳ್ಳುವ ಪಾಲನ್ನು ಅಂದಾಜು ಮಾಡಲು ಚೊಕ್ಕ ಲೆಕ್ಕವಿದೆ: ಒಂದನ್ನು ಪದರಗಳ ಸಂಖ್ಯೆಯ ವರ್ಗದಿಂದ ಭಾಗಿಸಿ. ಎರಡು ಪದರವಾದರೆ ಬಾಗಿನ ಕಾಲು ಭಾಗ ಹಿಂದೆ ಹೋಗುತ್ತದೆ, ಮೂರಾದರೆ ಒಂಬತ್ತರಲ್ಲಿ ಒಂದು, ಐದಾದರೆ ಶೇಕಡಾ 4, ಎಂಟಾದರೆ ಎರಡಕ್ಕಿಂತಲೂ ಕಡಿಮೆ. ಪಟ್ಟಿಗಳನ್ನು ದಪ್ಪ ಮಾಡಿ ಕೆಲಸ ಉಳಿಸಿಕೊಳ್ಳುವ ಆಸೆ ಇಲ್ಲಿಗೇ ಮುಗಿಯುತ್ತದೆ.

ಮಾಮೂಲಿ ಬಿಳಿ ಅಂಟು ಆರಿದ ಮೇಲೂ ಸ್ವಲ್ಪ ರಬ್ಬರಿನ ಗುಣ ಉಳಿಸಿಕೊಂಡಿರುತ್ತದೆ. ಎಳೆತ ಸದಾ ಇರುವ ಬಾಗಿನಲ್ಲಿ ಪದರಗಳು ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಜಾರುತ್ತವೆ. ಯೂರಿಯಾ ಫಾರ್ಮಾಲ್ಡಿಹೈಡ್ ಅಥವಾ ಎಪಾಕ್ಸಿಯಂಥ ಕಲ್ಲಿನಂತೆ ಗಟ್ಟಿಯಾಗುವ ಅಂಟು ಬೇಕು. ಟೋನೆಟ್ ಕೂಡ ಮೊದಮೊದಲು ಪದರಗಳನ್ನೇ ಅಂಟಿಸುತ್ತಿದ್ದ. ಅಂದಿನ ಸರೇಸಿಗೆ ತೇವ ಆಗಿಬರುತ್ತಿರಲಿಲ್ಲ, ಹಡಗೇರಿ ಸೆಕೆಯ ನಾಡುಗಳಿಗೆ ಹೋದ ಕುರ್ಚಿಗಳ ಅಂಟು ಬಿಟ್ಟಿತು. ಇಡೀ ಮರವನ್ನೇ ಬಗ್ಗಿಸುವತ್ತ ಅವನನ್ನು ದೂಡಿದ ಕಾರಣಗಳಲ್ಲಿ ಅದೂ ಒಂದು.

ಕಾಲಿನ ಮೇಲ್ತುದಿ ಮಾತ್ರ ಬಗ್ಗಬೇಕಾದರೆ ಇಡೀ ಕಾಲನ್ನು ಪದರ ಮಾಡಬೇಕಾಗಿಲ್ಲ. ಫಿನ್ಲೆಂಡಿನ ಆಲ್ವಾರ್ ಆಲ್ಟೊ 1930ರ ದಶಕದಲ್ಲಿ ಬರ್ಚ್ ಕಾಲಿನ ತುದಿಯನ್ನಷ್ಟೇ ಉದ್ದಕ್ಕೆ ಗರಗಸದಿಂದ ಸೀಳಿ, ಸೀಳುಗಳಲ್ಲಿ ಅಂಟು ಹಚ್ಚಿದ ತೆಳು ವೆನೀರ್ ತುರುಕಿ ಬಗ್ಗಿಸಿದ. ಕೆಳಗೆ ಇಡೀ ಮರ, ಮೇಲೆ ಪದರ.

ಗರಗಸದ ಗೆರೆ ಹಾಕಿ ಬಗ್ಗಿಸುವಾಗ ಗೆರೆಗಳ ನಡುವೆ ಎಷ್ಟು ಅಂತರ ಬಿಡಬೇಕು?

ಸೂತ್ರ ಬೇಡ, ಹಲಗೆಯೇ ಹೇಳುತ್ತದೆ. ಅದೇ ಹಲಗೆಯ ಚೂರಿನಲ್ಲಿ ಹಿಂಬದಿಗೆ ಒಂದು ಗೆರೆ ಕೊಯ್ಯಿರಿ, ಮುಂಬದಿಯಲ್ಲಿ ಎರಡು ಮೂರು ಮಿಲಿಮೀಟರ್ ಮರ ಉಳಿಯಲಿ. ಗೆರೆ ಮೇಲ್ಮುಖವಾಗಿರುವಂತೆ ಚೂರನ್ನು ಮೇಜಿನ ಮೇಲಿಟ್ಟು ಗೆರೆಯ ಒಂದು ಪಕ್ಕವನ್ನು ಕ್ಲಾಂಪ್ ಮಾಡಿ. ಗೆರೆಯಿಂದ ಇನ್ನೊಂದು ಪಕ್ಕಕ್ಕೆ, ನಿಮಗೆ ಬೇಕಾದ ಬಾಗಿನ ತ್ರಿಜ್ಯದಷ್ಟು ದೂರದಲ್ಲಿ ಗುರುತು ಹಾಕಿ. ಗೆರೆ ಪೂರ್ತಿ ಮುಚ್ಚಿಕೊಳ್ಳುವವರೆಗೆ ಆ ತುದಿಯನ್ನು ಎತ್ತಿ. ಗುರುತಿನ ಜಾಗ ಮೇಜಿನಿಂದ ಎಷ್ಟು ಎದ್ದಿತೋ ಅಷ್ಟೇ ನಿಮ್ಮ ಗೆರೆಗಳ ನಡುವಿನ ಅಂತರ. ಇಂಥ ಬಾಗಿಗೆ ಬಲ ಕಡಿಮೆ. ಮೇಜಿನ ಅಂಚಿನ ಪಟ್ಟಿಗೆ ಸರಿ, ಕುರ್ಚಿಯ ಬೆನ್ನಿಗೆ ಬೇಡ.

ಅಮೋನಿಯಾದಲ್ಲಿ ನೆನೆಸಿದರೆ ಮರ ಹಗ್ಗದಂತೆ ಬಗ್ಗುತ್ತದಂತೆ, ಹೌದೇ?

ಬಗ್ಗುತ್ತದೆ, ಆದರೆ ಅದು ನೀರಿಲ್ಲದ ಶುದ್ಧ ಅಮೋನಿಯಾ, ಮುಚ್ಚಿದ ಉಕ್ಕಿನ ಕೋಣೆಯಲ್ಲಿ. ಕಣ್ಣು, ಶ್ವಾಸಕೋಶ ಎರಡನ್ನೂ ತಿನ್ನುವ ಅನಿಲವದು. ಸೀಸೆಯಲ್ಲಿ ಸಿಗುವ ಅಮೋನಿಯಾ ನೀರು ಓಕ್ ಮರವನ್ನು ಕಪ್ಪಗಾಗಿಸುತ್ತದೆ, ಬಗ್ಗಿಸುವುದಿಲ್ಲ. ಬಟ್ಟೆ ಮೆದುವಾಗಿಸುವ ದ್ರವದ ಬಗ್ಗೆಯೂ ಕೇಳುತ್ತಾರೆ. ಅದನ್ನು ಬಟ್ಟೆಗೇ ಇಟ್ಟುಕೊಳ್ಳಿ.

## ಲೋಹದ ಕೆಲಸ

ಟ್ಯೂಬ್ ಬಗ್ಗಿಸಿದರೆ ಬಾಗಿನ ಜಾಗ ಚಪ್ಪಟೆಯಾಗುತ್ತದೆ. ಏನು ಮಾಡಲಿ?

ಮೊದಲು ತ್ರಿಜ್ಯ ನೋಡಿ. ನಡುಗೆರೆಯ, ಅಂದರೆ ಟ್ಯೂಬಿನ ನಟ್ಟನಡುವೆ ಉದ್ದಕ್ಕೆ ಸಾಗುವ ಗೆರೆಯ, ತ್ರಿಜ್ಯ ಟ್ಯೂಬಿನ ವ್ಯಾಸದ ಮೂರು ಪಟ್ಟು ಇದ್ದರೆ, ಗೋಡೆ ತೀರ ತೆಳುವಲ್ಲದಿದ್ದರೆ, ಒಳ್ಳೆಯ ಅಚ್ಚಿನಲ್ಲಿ ತೊಂದರೆಯಿಲ್ಲ. 25 ಮಿಲಿಮೀಟರ್ ಟ್ಯೂಬಿಗೆ 75. ಆಗಲೂ ಹೊರಗೋಡೆ ಶೇಕಡಾ 17ರಷ್ಟು ಹಿಗ್ಗಬೇಕು, ಮೆದು ಉಕ್ಕು ಅದನ್ನು ತಾಳಿಕೊಳ್ಳುತ್ತದೆ. ಅದಕ್ಕಿಂತ ಬಿಗಿಯಾದರೆ ಒಳಗೆ ಆಸರೆ ಬೇಕು. ಕಾರ್ಖಾನೆಗಳಲ್ಲಿ ಟ್ಯೂಬಿನೊಳಗೆ ಮ್ಯಾಂಡ್ರೆಲ್ ಎಂಬ ಲೋಹದ ಗುಂಡು ಇಟ್ಟು ಎಳೆಯುತ್ತಾರೆ. ಅಚ್ಚಿನ ತೋಡು ಟ್ಯೂಬಿನ ಪಕ್ಕಗಳನ್ನು ಅರ್ಧದವರೆಗೆ ಅಪ್ಪಿ ಹಿಡಿದಿರಬೇಕು. ಪಕ್ಕಕ್ಕೆ ಉಬ್ಬಲು ಜಾಗ ಸಿಕ್ಕಿದ್ದಕ್ಕೇ ಟ್ಯೂಬ್ ಚಪ್ಪಟೆಯಾಗುವುದು. ಬೆಸುಗೆಯ ಗೆರೆ ಹೊರಬದಿಗೂ ಬೇಡ, ಒಳಬದಿಗೂ ಬೇಡ, ಪಕ್ಕಕ್ಕೆ ತಿರುಗಿಸಿಟ್ಟುಕೊಳ್ಳಿ.

ಮರಳು ತುಂಬಿ ಬಗ್ಗಿಸುವ ಕ್ರಮ ಹೇಗೆ?

ನುಣುಪು ಮರಳನ್ನು ಬಾಣಲೆಯಲ್ಲಿ ಪೂರ್ತಿ ಹುರಿದು ಒಣಗಿಸಿ. ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತೇವ ಉಳಿದು, ಎರಡು ತುದಿ ಮುಚ್ಚಿ, ಟ್ಯೂಬನ್ನು ಕಾಯಿಸಿದರೆ ಒಳಗೆ ಹಬೆ ಕಟ್ಟಿ ಬೆಣೆ ಗುಂಡಿನಂತೆ ಹಾರುತ್ತದೆ. ಒಂದು ತುದಿಗೆ ಮರದ ಬೆಣೆ ಹೊಡೆದು, ಸ್ವಲ್ಪ ಸ್ವಲ್ಪವೇ ಮರಳು ಸುರಿಯುತ್ತಾ ಹೊರಗಿನಿಂದ ತಟ್ಟುತ್ತಿರಿ. ಮೊದಲು ಪೊಳ್ಳು ದನಿ ಬರುತ್ತದೆ, ಮರಳು ಕೂತಂತೆ ದನಿ ಮಂಕಾಗುತ್ತದೆ. ಇನ್ನು ಕೂರುವುದಿಲ್ಲ ಎನಿಸಿದ ಮೇಲೂ ಹತ್ತು ನಿಮಿಷ ತಟ್ಟಿ, ಎರಡು ಬೆರಳಿನಷ್ಟು ಇಳಿದಿರುತ್ತದೆ. ಮತ್ತೆ ತುಂಬಿ ಇನ್ನೊಂದು ಬೆಣೆ ಹೊಡೆಯಿರಿ, ಅದರಲ್ಲಿ ಒಂದು ಸಣ್ಣ ತೂತಿರಲಿ. ಸಡಿಲವಾಗಿ ತುಂಬಿದ ಮರಳು ಇದ್ದೂ ಇಲ್ಲದಂತೆ.

ಪೈಪ್ ಬಗ್ಗಿಸುವ ಯಂತ್ರದಲ್ಲಿ ಟ್ಯೂಬ್ ಹಾಕಿದರೆ ಏಕೆ ಹಾಳಾಗುತ್ತದೆ?

ಪೈಪಿನ ಅಳತೆ ಹೆಸರಿಗಷ್ಟೇ. 25 ಮಿಲಿಮೀಟರ್ ಎಂದು ಕರೆಯುವ ಉಕ್ಕಿನ ನೀರಿನ ಪೈಪಿನ ಹೊರವ್ಯಾಸ ನಿಜಕ್ಕೂ 33.7 ಮಿಲಿಮೀಟರ್. ಟ್ಯೂಬಿನಲ್ಲಿ 25 ಎಂದರೆ ಹೊರವ್ಯಾಸವೇ 25. ಪೈಪಿನ ಅಚ್ಚಿನ ತೋಡಿನಲ್ಲಿ ಟ್ಯೂಬ್ ಸಡಿಲವಾಗಿ ಕೂತು ನುಗ್ಗಾಗುತ್ತದೆ. ಅಚ್ಚನ್ನು ಹೊರವ್ಯಾಸಕ್ಕೆ ಹೊಂದಿಸಿಯೇ ಕೊಳ್ಳಿ.

ಕತ್ತರಿಸುವ ಉದ್ದ ಪ್ರತಿ ಸಲ ತಪ್ಪುತ್ತದೆ. ಲೆಕ್ಕ ಹೇಗೆ?

ಮೂಲೆಯಿಂದ ಮೂಲೆಗೆ ಅಳೆದು ಕೂಡಿಸುತ್ತಿದ್ದೀರಿ. ಬಾಗು ಮೂಲೆಯನ್ನು ಕಡಿದುಕೊಂಡು ಹೋಗುತ್ತದೆ. 75 ಮಿಲಿಮೀಟರ್ ತ್ರಿಜ್ಯದ 90 ಡಿಗ್ರಿ ಬಾಗಿನಲ್ಲಿ ನಡುಗೆರೆಯ ಉದ್ದ 118, ಮೂಲೆಯ ಲೆಕ್ಕದಲ್ಲಿ 150. ನಡುಗೆರೆಯ ಮೇಲೆ ಅಳೆದಿದ್ದರೆ ಪ್ರತಿ ಬಾಗಿಗೆ 32 ಮಿಲಿಮೀಟರ್ ಕಳೆಯಿರಿ. ಲೋಹವೂ ಬಿಟ್ಟ ಕೂಡಲೇ ಹಿಂದೆ ಸರಿಯುತ್ತದೆ. ಮೆದು ಉಕ್ಕಿಗೆ ಎರಡು ಮೂರು ಡಿಗ್ರಿ ಹೆಚ್ಚು ಬಗ್ಗಿಸಿದರೆ ಸಾಮಾನ್ಯವಾಗಿ ಸಾಕು, ಸ್ಟೇನ್‌ಲೆಸ್‌ಗೆ ಇನ್ನೂ ಹೆಚ್ಚು. ಅದೇ ಟ್ಯೂಬಿನ ಚೂರಿನಲ್ಲಿ ಪರೀಕ್ಷಿಸಿ.

ಉಕ್ಕನ್ನು ಕಾಯಿಸಿ ಬಗ್ಗಿಸುವಾಗ ಎಷ್ಟು ಕಾಯಿಸಬೇಕು?

ಕಿತ್ತಳೆ ಬಣ್ಣ ಬರುವವರೆಗೆ, ಸುಮಾರು 900ರಿಂದ 1000 ಡಿಗ್ರಿ. ಅರ್ಧಂಬರ್ಧ ಕಾಯಿಸುವುದಕ್ಕಿಂತ ತಣ್ಣಗೇ ಬಗ್ಗಿಸುವುದು ಲೇಸು, ಏಕೆಂದರೆ ಉಕ್ಕಿನ ಮೈ ನೀಲಿಗೆ ತಿರುಗುವ 300 ಡಿಗ್ರಿಯ ಆಸುಪಾಸಿನಲ್ಲಿ ಅದು ತಣ್ಣಗಿದ್ದಾಗಿನದಕ್ಕಿಂತ ಪೆಡಸು. ಸತು ಲೇಪಿಸಿದ ಟ್ಯೂಬನ್ನು ಕಾಯಿಸಲೇಬೇಡಿ. ಸತುವಿನ ಹೊಗೆ ಕುಡಿದವರಿಗೆ ಆ ರಾತ್ರಿ ಚಳಿಜ್ವರ ಗ್ಯಾರಂಟಿ.

ಅಲ್ಯೂಮಿನಿಯಂ ಬಿರುಕು ಬಿಡುತ್ತದೆ, ಕಾಯಿಸಿದರೆ ದಿಢೀರನೆ ಕರಗಿ ಬೀಳುತ್ತದೆ. ಉಪಾಯವಿದೆಯೇ?

ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಮಿಶ್ರಲೋಹಗಳು ಅದಕ್ಕೂ ಮೊದಲು. ಕೆಂಪಾಗಿ ಎಚ್ಚರಿಕೆ ಕೊಡುವ ಗುಣ ಅದಕ್ಕಿಲ್ಲ. ಮೈಗೆ ಬಟ್ಟೆ ಸಾಬೂನು ಉಜ್ಜಿ, ಜ್ವಾಲೆಯನ್ನು ಆಡಿಸುತ್ತಾ ಕಾಯಿಸಿ. ಸಾಬೂನು ಕಪ್ಪಗಾದ ಕೂಡಲೇ ನಿಲ್ಲಿಸಿ, ಆರಲು ಬಿಟ್ಟು ಆಮೇಲೆ ಬಗ್ಗಿಸಿ. 6061-ಟಿ6ರಂತೆ ಹದಗೊಳಿಸಿ ಗಡಸು ಮಾಡಿದ ಮಿಶ್ರಲೋಹವಾದರೆ ಈ ಕಾವಿಗೆ ಅದರ ಗಡಸುತನದ ಬಹುಪಾಲು ಹೋಗುತ್ತದೆ. ಭಾರ ಹೊರುವ ಕಾಲಿಗೆ ಹಾಗೆ ಮಾಡಬೇಡಿ. ಬಗ್ಗಿಸುವ ಕೆಲಸಕ್ಕೆ ಒಗ್ಗುವ 3003, 5052 ನಂಬರಿನ ಅಲ್ಯೂಮಿನಿಯಂ ಮಿಶ್ರಲೋಹಗಳಿವೆ.

## ಪಳಗಿದ ಕೈಗಳಿಗೆ

ಹಿಂದಿನ ಕಾಲುಗಳೇ ಇಲ್ಲದ ಟ್ಯೂಬ್ ಕುರ್ಚಿ ಹೇಗೆ ನಿಲ್ಲುತ್ತದೆ? ನಾನು ಮಾಡಿದ್ದು ಜೋತುಬಿತ್ತು.

ಕೂತವರ ಭಾರವೆಲ್ಲ ಮುಂದಿನ ಎರಡು ಬಾಗುಗಳ ಮೇಲೆ ಬೀಳುತ್ತದೆ. ಮಾರ್ಸೆಲ್ ಬ್ರೋಯರ್ 1925ರಲ್ಲಿ ಉಕ್ಕಿನ ಟ್ಯೂಬನ್ನು ಕುರ್ಚಿಗೆ ತಂದ ಬೆನ್ನಲ್ಲೇ ಮಾರ್ಟ್ ಸ್ಟಾಮ್ ಅನಿಲದ ಪೈಪುಗಳನ್ನು ಮೊಣಕೈ ಜೋಡಣೆಗಳಿಂದ ಕೂಡಿಸಿ ಹಿಂಗಾಲಿಲ್ಲದ ಕುರ್ಚಿ ಮಾಡಿದ. ಅದು ಬಿರುಸಾಗಿತ್ತು, ಪುಟಿಯುತ್ತಿರಲಿಲ್ಲ. 1927ರಲ್ಲಿ ಮೀಸ್ ವಾನ್ ಡೆರ್ ರೋಹೆ ಮುಂಭಾಗವನ್ನು ದೊಡ್ಡ ಅರ್ಧವೃತ್ತವಾಗಿ ಬಗ್ಗಿಸಿದ ಮೇಲೆ ಕುರ್ಚಿಗೆ ಪುಟಿತ ಬಂತು.

ನಿಮ್ಮದು ಜೋತುಬಿದ್ದದ್ದಕ್ಕೆ ಎರಡು ಕಾರಣ ಇರಬಹುದು. ಗೋಡೆ ತೆಳುವಾಗಿತ್ತು, ಅಥವಾ ಬಾಗನ್ನು ಕಾಯಿಸಿ ಮಾಡಿದಿರಿ. ತಣ್ಣಗೆ ಎಳೆದ ಟ್ಯೂಬಿಗೆ ಇರುವ ಗಡಸು ಕೆಂಪಗೆ ಕಾಯಿಸಿದ ಕ್ಷಣ ಮಾಯವಾಗುತ್ತದೆ, ಅದೂ ಭಾರ ಹೆಚ್ಚು ಬೀಳುವ ಜಾಗದಲ್ಲೇ. ಇಂಥ ಕುರ್ಚಿಯನ್ನು ತಣ್ಣಗೇ ಬಗ್ಗಿಸಬೇಕು, ಬಾಗಿನ ಮೇಲೆ ಬೆಸುಗೆಯೂ ಬೇಡ.

ಬಗ್ಗಿಸಿದ ಮರದ ಬೆನ್ನನ್ನು ಅದೇ ಬಾಗಿನ ಉಕ್ಕಿನ ಚೌಕಟ್ಟಿಗೆ ತಿರುಪು ಹಾಕಿ ಬಿಗಿದೆ. ಮಳೆಗಾಲ ಬಂದಾಗ ಸ್ಕ್ರೂ ಬಳಿ ಬಿರುಕು ಬಿಟ್ಟಿತು. ಲೆಕ್ಕ ಸರಿಯಾಗಿತ್ತಲ್ಲ?

ಲೆಕ್ಕ ಹಾಕಿದ ದಿನ ಸರಿಯಾಗಿತ್ತು. ಮರ ತೇವ ಕುಡಿದಾಗ ದಪ್ಪಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಬಾಗಿದ ತುಂಡಿನಲ್ಲಿ ಒಳಮೈ, ಹೊರಮೈಗಳ ಉದ್ದ ಅಷ್ಟೇ ಇದ್ದು ನಡುವಿನ ದಪ್ಪ ಮಾತ್ರ ಹೆಚ್ಚಿದರೆ ಬಾಗು ಬಿಚ್ಚಿಕೊಳ್ಳಲೇಬೇಕು. ಒಣ ಹವೆಯಲ್ಲಿ ದಪ್ಪ ಇಳಿದಾಗ ಮತ್ತೆ ಬಿಗಿಯಾಗುತ್ತದೆ. ಉಕ್ಕಿಗೆ ಈ ಉಸಿರಾಟವಿಲ್ಲ. ಎರಡನ್ನೂ ಎಲ್ಲ ಕಡೆ ಬಿಗಿದರೆ ಸೋಲುವುದು ಮರವೇ.

ನಡುವಿನ ಒಂದು ಸ್ಕ್ರೂ ಮಾತ್ರ ಬಿಗಿಯಾಗಿರಲಿ. ಉಳಿದವಕ್ಕೆ ಚೌಕಟ್ಟಿನಲ್ಲಿ ಬಾಗಿನ ಉದ್ದಕ್ಕೆ ಉದ್ದನೆಯ ತೂತು ಕೊರೆದು, ಸ್ಕ್ರೂವಿನ ತಲೆಯಡಿ ವಾಷರ್ ಇಟ್ಟು, ಕೈಯಿಂದ ಅಲುಗಿಸಿದರೆ ಮರ ಸ್ವಲ್ಪ ಜರುಗುವಷ್ಟು ಸಡಿಲ ಬಿಡಿ. ಮರಕ್ಕೂ ಉಕ್ಕಿಗೂ ನಡುವೆ ತೆಳು ಚರ್ಮದ ಪಟ್ಟಿ ಹಾಕಿದರೆ ಕಿರುಗುಟ್ಟುವುದೂ ನಿಲ್ಲುತ್ತದೆ. ಬಿರುಕು ಬಿಟ್ಟ ಬೆನ್ನನ್ನು ಎಸೆಯಬೇಡಿ. ಬಿರುಕಿನೊಳಗೆ ತೆಳು ಎಪಾಕ್ಸಿ ಇಳಿಸಿ ಒಂದು ದಿನ ಕ್ಲಾಂಪ್ ಮಾಡಿಟ್ಟು, ಹಳೆಯ ತೂತುಗಳನ್ನು ಅದೇ ಮರದ ಬೆಣೆಯಿಂದ ಮುಚ್ಚಿ, ಹೊಸ ತೂತು ಎರಡು ಬೆರಳು ಆಚೆ ಕೊರೆಯಿರಿ.